ಮುಚ್ಚಲು ಹೋದರೆ ವಾಪಸ್ ಏಳುತ್ತಿದ್ದ ಗ್ಯಾರೇಜ್ ಶಟರ್: ನನ್ನ ಅನುಭವ

ಮೂಡಿಗೆರೆಯಲ್ಲಿ ನಮ್ಮ ಗ್ಯಾರೇಜಿಗೆ ಮೋಟಾರ್ ಶಟರ್ ಇದೆ. ಮಳೆ ಹಿಡಿದ ಮೇಲೆ ಅದು ಮುಚ್ಚುವುದನ್ನೇ ನಿಲ್ಲಿಸಿತು. ರಿಮೋಟ್ ಒತ್ತಿದರೆ ಸ್ವಲ್ಪ ಇಳಿದು, ತಕ್ಷಣ ಮೇಲೆ ಹೋಗಿಬಿಡುತ್ತಿತ್ತು. ತೆರೆಯುವುದಕ್ಕೆ ಮಾತ್ರ ಏನೂ ತೊಂದರೆ ಇರಲಿಲ್ಲ.

ಸುಳಿವು ಸಿಕ್ಕಿದ್ದೇ ಅಲ್ಲಿ. ರಿಮೋಟ್ ಸೆಲ್ ಹೋಗಿದ್ದರೆ ಶಟರ್ ಅಲ್ಲಾಡುತ್ತಲೇ ಇರಲಿಲ್ಲ. ಮೋಟಾರ್ ಸುಟ್ಟಿದ್ದರೆ ಮೇಲಕ್ಕೂ ಏಳುತ್ತಿರಲಿಲ್ಲ, ಅಲ್ವಾ? ಹಾಗಾಗಿ ಸೆನ್ಸರ್ ನೋಡಿದೆ.

ಬಾಗಿಲ ಎರಡೂ ಬದಿ, ನೆಲಕ್ಕೆ ಹತ್ತಿರ, ಎದುರುಬದುರು ಎರಡು ಪುಟ್ಟ ಡಬ್ಬಿಗಳಿವೆ. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೋಗುತ್ತದೆ. ಅದಕ್ಕೆ ತಡೆಯಾದರೆ, ಮಗುವೋ ನಾಯಿಯೋ ಅಡ್ಡ ಬಂದಿದೆ ಎಂಬ ಲೆಕ್ಕದಲ್ಲಿ ಶಟರ್ ವಾಪಸ್ ಏಳುತ್ತದೆ. ತುಂಬಾ ಒಳ್ಳೆಯ ವ್ಯವಸ್ಥೆ ಇದು.

ಮೇನ್ ಸ್ವಿಚ್ ಆಫ್ ಮಾಡಿ ನೋಡಿದರೆ, ಒಂದು ಲೆನ್ಸ್ ಮೇಲೆ ಥಂಡಿಗೆ ನೀರಿನ ಪಸೆ, ಜೊತೆಗೆ ಜೇಡರ ಬಲೆ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಕರೆಂಟ್ ಹಾಕಿದ ಮೇಲೂ ಸೆನ್ಸರ್‌ನ ಪುಟ್ಟ ದೀಪ ಮಿಣುಕುತ್ತಿತ್ತು. ಪಟ್ಟಿ ಸಡಿಲವಾಗಿ ಡಬ್ಬಿ ಓರೆಯಾಗಿತ್ತು. ದೀಪ ಸ್ಥಿರವಾಗಿ ಉರಿಯುವವರೆಗೆ ಮೆಲ್ಲಗೆ ತಿರುಗಿಸಿ ಸ್ಕ್ರೂ ಬಿಗಿ ಮಾಡಿದೆ. ಶಟರ್ ಪೂರ್ತಿ ಮುಚ್ಚಿತು. ಇಳಿಯುವಾಗ ಅಡ್ಡ ರಟ್ಟು ಹಿಡಿದೆ, ಸರಿಯಾಗಿ ವಾಪಸ್ ಎದ್ದಿತು.

ಕೆಲವರು ಸೆನ್ಸರ್ ತಂತಿ ತೆಗೆದು ನೇರ ಜೋಡಿಸಿಬಿಡುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಬೇಡ. ಮೇಲಿನ ಸ್ಪ್ರಿಂಗ್‌ಗೂ ಕೈ ಹಾಕಬೇಡಿ. ಅದರಲ್ಲಿ ಬಿಗಿತ ಜಾಸ್ತಿ, ಗೊತ್ತಿರುವ ಮೆಕ್ಯಾನಿಕ್ಕೇ ಬರಬೇಕು.