ಶುಲ್ಕ ಕಟ್ಟಿದ ಮೇಲೂ ಉಳಿಯುವ ಖರ್ಚು: ಬಾಸ್ಕೆಟ್‌ಬಾಲ್ ಮಕ್ಕಳಿಗೆ ಹಣ ಹೊಂದಿಸಿದ ನನ್ನ ಅನುಭವ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯವ್ಯ ಭಾಗದಲ್ಲಿ, ಸ್ಕೀನಾ ನದಿಯ ದಡದ ಮೇಲಿರುವ ಟೆರೇಸ್ ಎಂಬ ಸಣ್ಣ ಊರಿನಲ್ಲಿ ನಾನು ಲೆಕ್ಕಪತ್ರದ ವೃತ್ತಿಯಲ್ಲಿದ್ದೇನೆ. ಇಲ್ಲಿನ ಮಕ್ಕಳ ಬಾಸ್ಕೆಟ್‌ಬಾಲ್ ಕ್ಲಬ್ಬೊಂದಕ್ಕೆ ಕೆಲವು ವರ್ಷಗಳಿಂದ ಖಜಾಂಚಿಯೂ ಹೌದು. ಹಾಸನದಲ್ಲಿ ಬೆಳೆದ ನನಗೆ ಈ ಆಟದ ಸೂಕ್ಷ್ಮಗಳು ಈಗಲೂ ಅಷ್ಟಕ್ಕಷ್ಟೆ. ಆದರೆ ಮೂಲನಿವಾಸಿ ಕುಟುಂಬಗಳ ಮತ್ತು ಕಡಿಮೆ ಆದಾಯದ ಮನೆಗಳ ಮಕ್ಕಳು ಸ್ಪರ್ಧಾತ್ಮಕ ತಂಡದಲ್ಲಿ ಉಳಿಯುವಂತೆ ವ್ಯಾಪಾರಸ್ಥರ ಹಣವನ್ನು ಹೇಗೆ ಬಳಸಬಹುದು ಎಂಬುದನ್ನು ಈ ಹೊಣೆ ಚೆನ್ನಾಗಿಯೇ ಕಲಿಸಿದೆ.

ಈ ಕರಾವಳಿಯ ಮೂಲನಿವಾಸಿ ಊರುಗಳಲ್ಲಿ ಬಾಸ್ಕೆಟ್‌ಬಾಲಿಗೆ ಇರುವ ಸ್ಥಾನ ನಮ್ಮಲ್ಲಿ ಕ್ರಿಕೆಟ್ಟಿಗೆ ಇರುವಂಥದು. ಇಲ್ಲಿಂದ ಒಂದೂವರೆ ಗಂಟೆಯ ಹಾದಿಯಲ್ಲಿರುವ ಪ್ರಿನ್ಸ್ ರೂಪರ್ಟ್‌ನಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವ ಆಲ್ ನೇಟಿವ್ ಟೂರ್ನಿಯ ಬೇರು 1947ರಷ್ಟು ಹಿಂದಕ್ಕೆ ಹೋಗುತ್ತದೆ. ಕಿರಿಯರಿಗಾಗಿ ಜೂನಿಯರ್ ಆಲ್ ನೇಟಿವ್ ಪ್ರತ್ಯೇಕವಾಗಿಯೇ ಇದೆ. ಹೀಗಾಗಿ ಮಕ್ಕಳಲ್ಲಿ ಆಸಕ್ತಿ ಮೂಡಿಸಬೇಕೆಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ತೊಡಕು ಶುರುವಾಗುವುದು ಶಾಲಾ ಪಂದ್ಯಗಳು ಮುಗಿದು, ವಸಂತದಿಂದ ಬೇಸಿಗೆಯವರೆಗೆ ಕ್ಲಬ್ ಪಂದ್ಯಗಳು ನಡೆಯುವಾಗ. ಒಳಾಂಗಣದ ಬಾಡಿಗೆ, ರೆಫರಿಗಳ ಸಂಭಾವನೆ, ಟೂರ್ನಿಗಳ ಪ್ರವೇಶ ಶುಲ್ಕ ಎಲ್ಲವೂ ಸೇರಿ ಒಂದು ಮಗುವಿನ ನೋಂದಣಿಗೇ ನೂರಾರು ಡಾಲರ್ ಆಗುತ್ತದೆ. ಕಾಲೇಜು ತಂಡಗಳ ಕೋಚ್‌ಗಳ ಕಣ್ಣಿಗೆ ಬೀಳಬೇಕೆಂದರೆ ವ್ಯಾಂಕೋವರ್ ಸುತ್ತಮುತ್ತಲಿನ ಟೂರ್ನಿಗಳಿಗೆ ಹೋಗಬೇಕು. ಅದು ರಸ್ತೆಯಲ್ಲಿ ಸುಮಾರು 1,350 ಕಿಲೋಮೀಟರ್. ಗ್ರೇಹೌಂಡ್ ಬಸ್ ಕಂಪನಿ 2018ರಲ್ಲಿ ಈ ಭಾಗದ ಸೇವೆಯನ್ನು ನಿಲ್ಲಿಸಿದ ಮೇಲೆ ಸ್ವಂತ ವಾಹನವಿಲ್ಲದವರ ಪಾಡು ಇನ್ನಷ್ಟು ಕಷ್ಟವಾಗಿದೆ.

ನೋಂದಣಿ ಶುಲ್ಕಕ್ಕೆ ಎರಡು ದೊಡ್ಡ ಆಸರೆಗಳಿವೆ. 1993ರಲ್ಲಿ ಇದೇ ಪ್ರಾಂತ್ಯದಲ್ಲಿ ಆರಂಭವಾದ ಕಿಡ್‌ಸ್ಪೋರ್ಟ್ 18 ವರ್ಷದವರೆಗಿನ ಮಕ್ಕಳ ಶುಲ್ಕ ಕಟ್ಟುತ್ತದೆ. ಸ್ಥಳೀಯ ಘಟಕವಿಲ್ಲದ ಊರಿನವರು ಪ್ರಾಂತ್ಯದ ನಿಧಿಗೆ ಅರ್ಜಿ ಹಾಕಬಹುದು. ಇನ್ನೊಂದು, ಕೆನೇಡಿಯನ್ ಟೈರ್ ಎಂಬ ಚಿಲ್ಲರೆ ಮಾರಾಟ ಕಂಪನಿ 2005ರಲ್ಲಿ ಹುಟ್ಟುಹಾಕಿದ ಜಂಪ್‌ಸ್ಟಾರ್ಟ್. ಅದರ ನೆರವು 4ರಿಂದ 18 ವರ್ಷದವರಿಗೆ. ಕಿಡ್‌ಸ್ಪೋರ್ಟ್‌ನ ಹಣ ಪೋಷಕರ ಕೈಗೆ ಬರದೆ ನೇರವಾಗಿ ಕ್ಲಬ್ಬಿನ ಖಾತೆಗೆ ಸೇರುತ್ತದೆ. ಈ ವ್ಯವಸ್ಥೆ ನನಗೆ ಒಪ್ಪಿಗೆಯಾದದ್ದು. ತಾಯಿ ಕೌಂಟರಿನಲ್ಲಿ ನಿಂತು ಹಣ ಎಣಿಸಬೇಕಾಗಿಲ್ಲ. ಕ್ಲಬ್ಬಿಗೂ ಬಾಕಿಯ ತಲೆನೋವಿಲ್ಲ.

ನಿಜವಾದ ಕಗ್ಗಂಟು ಇರುವುದು ಕಾಗದಪತ್ರದಲ್ಲಿ. ಆದಾಯದ ಪುರಾವೆಯಾಗಿ ಸಾಮಾನ್ಯವಾಗಿ ಕೇಳುವುದು ಕೆನಡಾ ಕಂದಾಯ ಇಲಾಖೆ ಪ್ರತಿ ವರ್ಷ ಕಳುಹಿಸುವ ತೆರಿಗೆ ನಿರ್ಧರಣಾ ಪತ್ರವನ್ನು. ಮೂಲನಿವಾಸಿಗಳ ಕುರಿತ ಕೆನಡಾದ ಇಂಡಿಯನ್ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ ನೋಂದಾಯಿತ ಮೂಲನಿವಾಸಿಗಳು ರಿಸರ್ವ್ ಎಂಬ, ಅವರಿಗೆಂದೇ ಮೀಸಲಿಟ್ಟ ಪ್ರದೇಶದಲ್ಲಿ ಗಳಿಸಿದ ಆದಾಯಕ್ಕೆ ತೆರಿಗೆ ಇಲ್ಲದಿರುವುದರಿಂದ ಕೆಲವು ಮನೆಗಳಲ್ಲಿ ತೆರಿಗೆ ವಿವರ ಸಲ್ಲಿಸುವ ರೂಢಿಯೇ ಇರುವುದಿಲ್ಲ, ವಿವರ ಸಲ್ಲಿಸದಿದ್ದರೆ ಆ ಪತ್ರವೂ ಬರುವುದಿಲ್ಲ. ಅಂದರೆ ನೆರವು ಯಾರಿಗೆ ಹೆಚ್ಚು ಅಗತ್ಯವೋ ಅವರ ಬಳಿಯೇ ಪುರಾವೆ ಇಲ್ಲ. ಒಮ್ಮೆ ಒಬ್ಬ ಹುಡುಗನ ಅಜ್ಜಿಯ ಜೊತೆ ಅವರ ಅಡುಗೆಮನೆಯ ಮೇಜಿನಲ್ಲಿ ಕುಳಿತು ಅರ್ಜಿ ತುಂಬುತ್ತಿದ್ದೆ. ವಾರದ ದಿನಗಳಲ್ಲಿ ಹುಡುಗ ಶಾಲೆಗಾಗಿ ಅಜ್ಜಿಯ ಮನೆಯಲ್ಲಿ ಇರುತ್ತಿದ್ದ, ಶನಿವಾರ ಭಾನುವಾರ ಹಳ್ಳಿಯಲ್ಲಿ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದ, ತಾಯಿ ಮೀನಿನ ಕಾರ್ಖಾನೆಯ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದರು. ಅರ್ಜಿಯಲ್ಲಿ ವಿಳಾಸಕ್ಕೆ ಇದ್ದದ್ದು ಒಂದೇ ಸಾಲು. "ಯಾವ ಮನೆಯದನ್ನು ಬರೆಯಲಿ? ಮೂರೂ ಅವನ ಮನೆಯೇ" ಎಂದು ಅಜ್ಜಿ ಪೆನ್ನು ಹಿಡಿದುಕೊಂಡೇ ಕೇಳಿದರು. ನಾವು ಅಜ್ಜಿಯ ವಿಳಾಸ ಬರೆದೆವು. ಆದಾಯದ ಪತ್ರದ ಬದಲಿಗೆ, ಕುಟುಂಬವನ್ನು ಬಲ್ಲ ಮೂರನೆಯವರೊಬ್ಬರ ದೃಢೀಕರಣವನ್ನು ಲಗತ್ತಿಸಿದೆವು.

ಈ ದೃಢೀಕರಣದ ದಾರಿ ಬಹಳ ಪೋಷಕರಿಗೆ ತಿಳಿದೇ ಇರುವುದಿಲ್ಲ. ಶಿಕ್ಷಕರು, ಸಮಾಜ ಕಾರ್ಯಕರ್ತರು, ಬ್ಯಾಂಡ್ ಕಚೇರಿಯ (ಮೂಲನಿವಾಸಿ ಸಮುದಾಯದ ಸ್ಥಳೀಯ ಆಡಳಿತದ) ಸಿಬ್ಬಂದಿ, ಇಂಥ ಯಾರಾದರೂ ಆಗಬಹುದು. ನಮ್ಮಲ್ಲಿ ಹೆಚ್ಚು ಉಪಯೋಗಕ್ಕೆ ಬಂದವರು ಶಾಲೆಗಳಲ್ಲಿರುವ ಮೂಲನಿವಾಸಿ ವಿದ್ಯಾರ್ಥಿಗಳ ಸಹಾಯಕರು. ಮನೆಯ ಸ್ಥಿತಿ ಅವರಿಗೆ ಮೊದಲೇ ಗೊತ್ತಿರುವುದರಿಂದ ಯಾರೂ ತಮ್ಮ ಕಷ್ಟವನ್ನು ಹೊಸಬನೆದುರು ಮತ್ತೆ ಬಿಡಿಸಿ ಹೇಳಬೇಕಾಗುವುದಿಲ್ಲ. ತಂಡದ ಆಯ್ಕೆಗೆ ಒಂದು ತಿಂಗಳು ಮುಂಚೆಯೇ ಅವರ ಬಳಿ ಅರ್ಜಿಗಳನ್ನು ಇಟ್ಟುಬರುವುದು ಈಗ ನಮ್ಮ ವಾಡಿಕೆ.

ಇಷ್ಟಾದರೂ ಅರ್ಜಿ ಮಂಜೂರಾಗಲು ವಾರಗಟ್ಟಲೆ ಬೇಕು, ತಂಡದ ಆಯ್ಕೆ ಅಷ್ಟು ದಿನ ಕಾಯುವುದಿಲ್ಲ. ಊರಿನ ವ್ಯಾಪಾರಸ್ಥರ ನಿಧಿಯನ್ನು ನಾವು ಕಟ್ಟಿದ್ದು ಮೊದಲಿಗೆ ಈ ಅಂತರವನ್ನು ತುಂಬಲೆಂದೇ. ಅರ್ಜಿ ಹಾಕಿದ ಮಗುವಿಗೆ ಅಂದಿನಿಂದಲೇ ತಂಡದಲ್ಲಿ ಜಾಗ ಖಚಿತ. ಶುಲ್ಕಕ್ಕೆ ನಿಧಿ ಜಾಮೀನು ನಿಲ್ಲುತ್ತದೆ. ಅನುದಾನ ಬಂದಾಗ ಅದು ನಿಧಿಗೆ ಮರಳುತ್ತದೆ, ಬಾರದಿದ್ದರೆ ನಿಧಿಯೇ ಭರಿಸುತ್ತದೆ. ಟೈರ್ ಅಂಗಡಿ, ಮರದ ದಿಮ್ಮಿ ಸಾಗಿಸುವ ಲಾರಿ ಮಾಲೀಕರು, ದಂತವೈದ್ಯರು, ಒಂದೆರಡು ಹೋಟೆಲುಗಳು ಸೇರಿದವು. ಇವರ ಬಳಿ ಹೋಗುವಾಗ ತೆರಿಗೆಯ ಒಂದು ಅಂಶವನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ನಮ್ಮದು ನೋಂದಾಯಿತ ದತ್ತಿಸಂಸ್ಥೆಯಲ್ಲ, ಆದ್ದರಿಂದ ದೇಣಿಗೆಯ ತೆರಿಗೆ ರಸೀದಿ ಕೊಡಲು ಬರುವುದಿಲ್ಲ. ಆದರೆ ಪ್ರಾಯೋಜಕತ್ವಕ್ಕೆಂದು ಬಿಲ್ ಕೊಟ್ಟು, ಅವರ ಹೆಸರನ್ನು ಪ್ರಚಾರ ಮಾಡಿದರೆ, ಆ ಮೊತ್ತವನ್ನು ಅವರು ಜಾಹೀರಾತಿನ ವೆಚ್ಚವೆಂದು ತೋರಿಸಬಹುದು. ದಾನದ ಮಾತಿಗೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದವರು ಬಿಲ್ ಎಂದೊಡನೆ ಚೆಕ್‌ಬುಕ್ ತೆಗೆದದ್ದನ್ನು ಕಂಡಿದ್ದೇನೆ.

ಪ್ರಚಾರ ಎಂದಾಗ ಒಂದು ಮುಜುಗರ ತಪ್ಪದೆ ಬರುತ್ತದೆ. ಒಬ್ಬ ಪ್ರಾಯೋಜಕರು ತಮ್ಮ ನೆರವು ಪಡೆದ ಮಕ್ಕಳನ್ನೇ ನಿಲ್ಲಿಸಿ ಫೋಟೋ ತೆಗೆಸಬೇಕೆಂದು ಹಟ ಹಿಡಿದರು. ನಾವು ಒಪ್ಪಲಿಲ್ಲ, ಆ ಹಣವೂ ಬರಲಿಲ್ಲ. ಇದಕ್ಕೆ ಪರಿಹಾರ ಸಿಕ್ಕಿದ್ದು ಸಮುದಾಯದ ಹಿರಿಯರಿಂದ. ಈ ಭಾಗದ ಮೂಲನಿವಾಸಿಗಳಾದ ನಿಸ್ಗಾ ಮತ್ತು ಗಿಟ್‌ಕ್ಸನ್ ಜನರ ಔತಣಕೂಟಗಳಲ್ಲಿ ಯಾರು ಎಷ್ಟು ಕೊಟ್ಟರು ಎಂಬುದನ್ನು ಹೆಸರು, ಮೊತ್ತದ ಸಹಿತ ಎಲ್ಲರೆದುರು ಕೂಗಿ ಹೇಳುವ ಪದ್ಧತಿ ಇದೆ. 1885ರಿಂದ 1951ರವರೆಗೆ ಸರ್ಕಾರ ಪಾಟ್‌ಲ್ಯಾಚ್ ಎಂದು ಕರೆಯುವ ಇಂಥ ಕೂಟಗಳನ್ನೇ ನಿಷೇಧಿಸಿತ್ತು. ಆದರೂ ಪದ್ಧತಿ ಉಳಿದುಬಂದಿದೆ. ಈಗ ಟೆರೇಸಿನಲ್ಲೇ ನಡೆಯುವ ನಮ್ಮ ಟೂರ್ನಿಯ ಫೈನಲ್‌ಗೆ ಮುನ್ನ ಹಿರಿಯರೊಬ್ಬರು ಮೈಕ್ ಹಿಡಿದು ಪ್ರತಿಯೊಂದು ಅಂಗಡಿಯ ಹೆಸರನ್ನೂ ಕೊಟ್ಟ ಮೊತ್ತವನ್ನೂ ಓದುತ್ತಾರೆ, ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ. ಪಡೆದವರ ಹೆಸರು ಎಲ್ಲಿಯೂ ಬರುವುದಿಲ್ಲ. ಹಾಗೆ ಮೊತ್ತ ಓದಲು ಶುರು ಮಾಡಿದ ಮೇಲೆ, ಪಕ್ಕದ ಅಂಗಡಿಗಿಂತ ಕಡಿಮೆಯಾಗಬಾರದೆಂಬ ಕಾಳಜಿ ಕೆಲವರಲ್ಲಿ ಮೂಡಿದ್ದು ಖಜಾಂಚಿಗೆ ಸಂತೋಷದ ವಿಷಯವೇ.

ನಿಧಿ ಸ್ವಲ್ಪ ಬೆಳೆದ ಮೇಲೆ ಅದರ ಬಹುಪಾಲನ್ನು ಪ್ರಯಾಣಕ್ಕೆ ತಿರುಗಿಸಿದೆವು. ಶುಲ್ಕಕ್ಕೆ ನೆರವು ಕೊಡುವವರು ಸಿಗುತ್ತಾರೆ. ವ್ಯಾನು, ಹೋಟೆಲ್ ಕೋಣೆ, ಮೂರು ದಿನದ ಊಟಕ್ಕೆ ಕೊಡುವವರು ಸಿಗುವುದು ಅಪರೂಪ. ಮೂಲನಿವಾಸಿ ಮಕ್ಕಳ ಅಗತ್ಯಗಳಿಗೆಂದು ಕೇಂದ್ರ ಸರ್ಕಾರ ನಡೆಸುವ ಜೋರ್ಡನ್ಸ್ ಪ್ರಿನ್ಸಿಪಲ್ ಯೋಜನೆಯಲ್ಲಿ 2025ರ ಫೆಬ್ರವರಿಯಿಂದ ಕ್ರೀಡಾಕೂಟ, ಸ್ಪರ್ಧಾ ತರಬೇತಿಯಂಥ ಕೋರಿಕೆಗಳ ಮೇಲೆ ಬಿಗಿ ನಿರ್ಬಂಧ ಬಂದ ಮೇಲೆ ಈ ಭಾರ ಇನ್ನಷ್ಟು ಕ್ಲಬ್ಬಿನ ಹೆಗಲಿಗೇ ಬಿದ್ದಿದೆ. ಪ್ರಯಾಣದ ಹಣವನ್ನು ಮಗುವಾರು ಹಂಚದೆ ಇಡೀ ತಂಡಕ್ಕೆ ಒಟ್ಟಾಗಿ ಕಟ್ಟುತ್ತೇವೆ. ಸ್ಥಿತಿವಂತರ ಮಕ್ಕಳಿಗೂ ಇದರಲ್ಲಿ ಪಾಲು ಹೋಗುತ್ತದೆಂಬ ಆಕ್ಷೇಪ ಸಮಿತಿಯಲ್ಲಿ ಬಂದಿತ್ತು. ಲೆಕ್ಕದ ದೃಷ್ಟಿಯಿಂದ ಅದು ಸರಿಯೇ. ಆದರೆ ವ್ಯಾನಿನಲ್ಲಿ ಯಾರು ಹಣ ಕೊಟ್ಟು ಕುಳಿತವರು, ಯಾರು ಪುಕ್ಕಟೆ ಕುಳಿತವರು ಎಂಬ ಗುಸುಗುಸು ಹುಟ್ಟಿದರೆ, ಹದಿನೈದು ವರ್ಷದ ಹುಡುಗ ಮುಂದಿನ ಟೂರ್ನಿಗೆ ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಉಳಿಯುತ್ತಾನೆ. ಅನುಕೂಲವಿರುವ ಪೋಷಕರಿಗೆ ಬೇರೆಯಾಗಿ ಪತ್ರ ಬರೆದು, ಇಷ್ಟವಿದ್ದಷ್ಟು ನಿಧಿಗೆ ಸೇರಿಸಿ ಎಂದು ಕೇಳುತ್ತೇವೆ. ಹೆಚ್ಚಿನವರು ತಮ್ಮ ಪಾಲಿಗಿಂತ ಹೆಚ್ಚೇ ಕೊಡುತ್ತಾರೆ.

ಇನ್ನೂ ಬಗೆಹರಿಯದೆ ಇರುವುದು ಅಭ್ಯಾಸದ ದಿನಗಳ ಓಡಾಟ. ರಾತ್ರಿ ಎಂಟೂವರೆಗೆ ಅಭ್ಯಾಸ ಮುಗಿದ ಮೇಲೆ ದೂರದ ಹಳ್ಳಿಗಳ ಮಕ್ಕಳನ್ನು 16ನೇ ಹೆದ್ದಾರಿಯಲ್ಲಿ ಯಾರು ಮನೆ ಮುಟ್ಟಿಸಬೇಕು ಎಂಬುದಕ್ಕೆ ಸದ್ಯಕ್ಕೆ ಪೋಷಕರ ಸರದಿ ಪಟ್ಟಿಯೊಂದೇ ಉತ್ತರ. ಪೆಟ್ರೋಲಿನ ವೆಚ್ಚವನ್ನು ನಿಧಿ ಕೊಡುತ್ತದೆ, ಚಾಲಕರು ಸಾಲದಾಗುತ್ತಾರೆ. ಹಾಗಾಗಿ ಈ ವರ್ಷ ಲಾರಿ ಮಾಲೀಕರನ್ನು ಹಣಕ್ಕಿಂತ ಮೊದಲು ವಾರದಲ್ಲಿ ಎರಡು ಸಂಜೆ ಒಬ್ಬ ಚಾಲಕನನ್ನು ಕೊಡಿ ಎಂದು ಕೇಳಿದ್ದೇವೆ. ವಿಮೆಯ ಪತ್ರಗಳು ಸಿದ್ಧವಾಗುತ್ತಿವೆ.