ನಮ್ಮೂರ ಗಿಡಗಳಿಗೊಂದು ಬಳಗ: ಶುರು ಮಾಡುವುದು ಹೇಗೆ?

ಮಳೆಗಾಲ ಬಂತೆಂದರೆ ಎಲ್ಲರಿಗೂ ಸಸಿ ನೆಡುವ ಹುರುಪು. ಆದರೆ ನರ್ಸರಿಗೆ ಹೋದರೆ ಕಾಣುವುದು ಮಡಗಾಸ್ಕರ್‌ನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡ. ಹಿಪ್ಪೆ, ಮುತ್ತುಗ ಕೇಳಿ ನೋಡಿ, ಸಿಗುವುದು ಅಪರೂಪ. ನಾಲ್ಕೈದು ಮಂದಿ ಸೇರಿದರೆ ಇವನ್ನು ನಾವೇ ಬೆಳೆಸಬಹುದು. ಒಂದೇ ಷರತ್ತು: ಬಳಗದ ಕೆಲಸವೆಲ್ಲ ಬೀಜ ಬಲಿಯುವ ತಿಂಗಳಿಗೆ ಹೊಂದಿಕೊಳ್ಳಬೇಕು. ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಎಚ್ಚೆತ್ತರೆ ಎಷ್ಟೋ ಬೀಜಗಳ ಕಾಲ ಮುಗಿದಿರುತ್ತದೆ.

ಮೊದಲು ಸುತ್ತಾಡಿ

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹೊರಡಿ. ಕೆರೆ ಏರಿ, ಗುಂಡುತೋಪು, ಹಳೆ ಶಾಲೆಯ ಆವರಣ, ದೇವರ ಬನ ಯಾವುದಾದರೂ ಸರಿ. ಎಲ್ಲಿ ಯಾವ ಮರವಿದೆ, ಯಾವಾಗ ಹೂ ಬಿಟ್ಟಿತು, ಕಾಯಿ ಯಾವಾಗ ಬಲಿಯಿತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಕುರಿ ಕಾಯುವವರೊಬ್ಬರು ಜೊತೆಗೆ ಬಂದರೆ ನಿಮ್ಮ ಪುಣ್ಯ. ಯಾರಿಗೂ ಗುರುತು ಸಿಗದಿದ್ದರೆ ಎಲೆ, ಹೂವು, ತೊಗಟೆಯ ಫೋಟೊ ತೆಗೆದು ಗಿಡ, ಪ್ರಾಣಿಗಳನ್ನು ಗುರುತಿಸಲು ನೆರವಾಗುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, ತಿಳಿದವರು ಹೇಳುತ್ತಾರೆ.

ಬೀಜದ ಕೆಲಸ

ಬಳಗದ ಜೀವಾಳ ಇದೇ. ಒಂದೇ ಮರದಡಿ ಕೂತು ಚೀಲ ತುಂಬಬೇಡಿ. ಬೇರೆ ಬೇರೆ ಮರಗಳಿಂದ ಸ್ವಲ್ಪ ಸ್ವಲ್ಪ ಆರಿಸಿ, ಹಕ್ಕಿ, ಅಳಿಲುಗಳ ಪಾಲು ಬಿಡಿ. ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಇಲ್ಲದೆ ಕೈ ಹಾಕುವಂತಿಲ್ಲ.

ಹೊಂಗೆ ಸುಲಭ. ಒಣಗಿ ಬಿದ್ದ ಕಾಯಿ ಒಡೆದು ಬೀಜ ಊರಿದರೆ ಸಾಕು. ನೇರಳೆ ಹಾಗಲ್ಲ, ಅದರ ಬೀಜ ಒಣಗಿದರೆ ಕೆಟ್ಟಿತು. ಹಣ್ಣು ತಿಂದು, ತಿರುಳು ತೊಳೆದು, ಕೂಡಲೇ ಊರಿ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಎದ್ದರೆ ಗಾಬರಿ ಬೇಡ, ನೇರಳೆಯ ಗುಣವೇ ಅದು. ಹಿಪ್ಪೆಯನ್ನೂ ಇಟ್ಟು ಕಾಯುವಂತಿಲ್ಲ.

ಕಕ್ಕೆಯದು ಇದಕ್ಕೆ ತದ್ವಿರುದ್ಧ. ಕರಿ ಕೋಲಿನಂಥ ಕಾಯಿ ಒಡೆದರೆ ಒಳಗೆ ನಾಣ್ಯ ಜೋಡಿಸಿಟ್ಟ ಹಾಗೆ ಅಡ್ಡ ತೆರೆಗಳು. ಒಂದೊಂದು ಮನೆಯಲ್ಲಿ ಅಂಟು ತಿರುಳು, ಒಂದು ಕಂದು ಬೀಜ. ಸಿಪ್ಪೆ ಎಷ್ಟು ಗಟ್ಟಿ ಎಂದರೆ ಸುಮ್ನೆ ಊರಿದರೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಉಪ್ಪುಕಾಗದದಿಂದ ಒಂದು ಬದಿ ಉಜ್ಜಿ, ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದ್ದರೆ ನೀರು ಒಳಗೆ ಇಳಿದಿದೆ ಎಂದರ್ಥ. ಉಬ್ಬದವನ್ನು ಮತ್ತೆ ಉಜ್ಜಿ.

ಸಸಿ ಚೀಲಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಳೆತ ಗೊಬ್ಬರ. ಚೀಲ ಉದ್ದ ಇರಲಿ, ಚಿಕ್ಕದಾದರೆ ತಾಯಿಬೇರು ಸುರುಳಿ ಸುತ್ತಿಕೊಳ್ಳುತ್ತದೆ. ಆಗಾಗ ಚೀಲಗಳ ಜಾಗ ಬದಲಿಸದಿದ್ದರೆ ಬೇರು ನೆಲಕ್ಕೆ ಇಳಿದುಬಿಡುತ್ತದೆ. ಆಮೇಲೆ ಎತ್ತಿದರೆ ಬೇರು ಕಿತ್ತು ಸಸಿ ಸೊರಗುತ್ತದೆ.

ಲಂಟಾನ ಕೀಳುವುದು

ಲಂಟಾನ ಹೊರಗಿನಿಂದ ಬಂದ ಪೊದೆ, ನಮ್ಮೂರ ಗಿಡಗಳಿಗೆ ಜಾಗವೇ ಬಿಡದೆ ಹಬ್ಬುತ್ತದೆ. ಮಳೆ ಬಿದ್ದು ನೆಲ ಮೆತ್ತಗಾದಾಗ ಅದನ್ನು ಕೀಳಲು ಒಂದು ದಿನ ಇಡಿ. ಬುಡದ ಮೇಲೆ ಕಡಿದರೆ ಮತ್ತೆ ಜಾಸ್ತಿ ಚಿಗುರುತ್ತದೆ. ನೆಲದೊಳಗೆ ಎರಡು ಇಂಚಿನಷ್ಟು ಕೆಳಗೆ ಗುದ್ದಲಿ ಹಾಕಿ ಬೇರು ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ಮಗುಚಿಡಿ. ಕಾಯಿ ಬಲಿಯುವ ಮೊದಲೇ ಮಾಡಿ. ಕೈಗವಸು, ಉದ್ದ ತೋಳಿನ ಅಂಗಿ ಮರೆಯಬೇಡಿ.

ಎಲ್ಲಿ ನೆಡಬಾರದು

ಖಾಲಿ ಕಂಡಲ್ಲೆಲ್ಲ ಗುಂಡಿ ತೋಡಬೇಡಿ. ಕಡೂರು, ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳನ್ನೇ, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳನ್ನೇ ನೋಡಿ. ಕೃಷ್ಣಮೃಗ, ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳು ಬದುಕಿರುವುದು ಅಲ್ಲಿನ ಹುಲ್ಲನ್ನೇ ನಂಬಿಕೊಂಡು. ಹುಲ್ಲೂ ನಮ್ಮೂರ ಗಿಡವೇ ಅಲ್ವಾ?

ಹಂಚುವಾಗ

ಪುಕ್ಕಟೆ ಕೊಡುವ ಬದಲು ಹತ್ತೋ ಇಪ್ಪತ್ತೋ ರೂಪಾಯಿ ಇಟ್ಟುಕೊಳ್ಳಿ. ದುಡ್ಡು ಕೊಟ್ಟವರು ನೀರೂ ಹಾಕುತ್ತಾರೆ. ಚೀಟಿಯಲ್ಲಿ ಗಿಡದ ಹೆಸರು, ಬೀಜ ತಂದ ಜಾಗ, ಊರಿದ ತಿಂಗಳು ಇರಲಿ. ಪೆನ್ನಿನ ಬರಹ ಮಳೆಗೆ ಅಳಿಸುತ್ತದೆ, ಪೆನ್ಸಿಲ್ ವಾಸಿ. ಒಯ್ದವರ ಫೋನ್ ನಂಬರ್ ಬರೆದುಕೊಂಡು, ಮುಂದಿನ ಮಾರ್ಚ್‌ನಲ್ಲಿ ಒಂದು ಕರೆ ಮಾಡಿ: ಗಿಡ ಹೇಗಿದೆ, ನೀರು ಹಾಕ್ತಿದ್ದೀರಾ?