ಕಾರು ಒಂದೇ ಬದಿಗೆ ಎಳೆಯುತ್ತಿದೆಯೇ? ಮೊದಲು ಮುಂದಿನ ಚಕ್ರ ಅದಲುಬದಲು ಮಾಡಿ ನೋಡಿ
ಮುಂದಿನ ಎಡದ ಚಕ್ರ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಟಯರ್ ತಣ್ಣಗಿದ್ದಾಗಲೇ ಎರಡಕ್ಕೂ ಗಾಳಿ ಸಮ ಮಾಡಿಕೊಂಡಿರಬೇಕು. ಎಳೆತ ಈಗ ಆಚೆ ಬದಿಗೆ ತಿರುಗಿದರೆ ದೋಷ ಟಯರಿನದ್ದೇ: ಒಳಗಿನ ಸ್ಟೀಲ್ ಬೆಲ್ಟ್ ನಡುವಿನಿಂದ ಕೊಂಚ ಬದಿಗೆ ಸರಿದು ಕೂತ ರೇಡಿಯಲ್ ಟಯರ್, ನೆಲದ ಮೇಲೆ ಉರುಳಿಸಿದ ಲೋಟದ ಹಾಗೆ ಒಂದು ಬದಿಗೇ ತಿರುಗುತ್ತದೆ. ಆಮೇಲೆ ಎಷ್ಟು ಸಲ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿದರೂ ದುಡ್ಡು ದಂಡ. ಎಳೆತ ಬದಲಾಗದಿದ್ದರೆ ಮಾತ್ರ ಅಲೈನ್‌ಮೆಂಟ್, ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್) ನೋಡಿಸಿ. ಪಕ್ಕದಲ್ಲಿ ಬಾಣದ ಗುರುತಿರುವ ಟಯರಿಗೆ ಇದು ಹೇಳಿದ್ದಲ್ಲ, ಉಲ್ಟಾ ಓಡುತ್ತದೆ. ಬ್ರೇಕ್ ಒತ್ತಿದಾಗಷ್ಟೇ ಎಳೆದರೆ ಕ್ಯಾಲಿಪರ್ (ಡಿಸ್ಕಿಗೆ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಪರೀಕ್ಷಿಸಿ. ಮತ್ತೆ, ಮಳೆನೀರು ಚರಂಡಿಗೆ ಇಳಿಯಲೆಂದು ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ರಸ್ತೆಗಳು ಅಂಚಿಗೆ ವಾಲಿರುತ್ತವೆ. ಅಲ್ಲಿ ತುಸು ಎಡಕ್ಕೆ ಸರಿಯುವುದು ರೋಗವಲ್ಲ.